ಫೇಲಾಗಿದ್ದನ್ನು ಅಪ್ಪನಿಗೆ ಹೇಗೆ ಹೇಳಲಿ?

ಪ್ರಶ್ನೆ: ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ. ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದೇನೆ. ಮಂಡ್ಯದ ಸೈಟು ಅಡ ಇಟ್ಟು ಅಪ್ಪ ಬ್ಯಾಂಕ್ ಸಾಲ ಕೊಡಿಸಿದ್ದಾರೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಹೋಗಿವೆ. ಮನೆಯಲ್ಲಿ ಪಾಸ್ ಅಂದಿದ್ದೇನೆ. ಅಮ್ಮ ವಿಡಿಯೊ ಕಾಲ್ ಮಾಡಿದಾಗ ಗೋದಾಮಿನ ಕೆಲಸದ ಜಾಕೆಟ್ ಮಂಚದಡಿ ತಳ್ಳುತ್ತೇನೆ. ಒಂದು ಹೋಟೆಲಿನವರು ಲೆಕ್ಕಕ್ಕೆ ತೋರಿಸದೆ ಕೈಗೆ ದುಡ್ಡು ಕೊಡ್ತೀವಿ, ಜಾಸ್ತಿ ಹೊತ್ತು ದುಡಿ ಅಂತಿದ್ದಾರೆ. ಸೇರಲಾ?

ಉತ್ತರ: ಸೇರಬೇಡಿ. ನಿಮ್ಮಂಥ ವಿದ್ಯಾರ್ಥಿಗಳು ಅಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಅದು ಮೀರಿ ಕದ್ದು ದುಡಿದು ಸಿಕ್ಕಿಬಿದ್ದರೆ ವೀಸಾಕ್ಕೇ ಕುತ್ತು. ಸಂಬಳ ಕೊಡದೆ ಸತಾಯಿಸಿದರೂ ಯಾರ ಹತ್ತಿರ ದೂರು ಹೇಳುತ್ತೀರಿ?

ಅಲ್ಲಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಮೂರೇ ಅವಕಾಶ. ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ. ಹಾಗಾಗಿ ತಯಾರಿಲ್ಲದೆ ಸುಮ್ನೆ ಹೋಗಿ ಕೂರಬೇಡಿ. ನಿಮ್ಮ ಕೋರ್ಸಿನ ಸಲಹೆಗಾರರನ್ನು ಈ ವಾರವೇ ಕಾಣಿ. ಎಷ್ಟು ಅವಕಾಶ ಉಳಿದಿದೆ, ಯಾವ ಪರೀಕ್ಷೆ ಮುಂದೆ ಹಾಕಬಹುದು, ಕೇಳಿ ಬರೆದುಕೊಳ್ಳಿ. ಹಾಸ್ಟೆಲ್, ಕ್ಯಾಂಟೀನ್ ನಡೆಸುವ ವಿದ್ಯಾರ್ಥಿ ಸೇವಾ ಸಂಸ್ಥೆಯವರು ಆಪ್ತ ಸಮಾಲೋಚನೆಯನ್ನೂ ಕೊಡುತ್ತಾರೆ. ನಿದ್ದೆ ಬರುತ್ತಿಲ್ಲವಾದರೆ ಅಲ್ಲಿಗೂ ಹೋಗಿ. ಸಂಕೋಚ ಬೇಡ.

ಇನ್ನು ಅಪ್ಪ. ಅವರಿಗೆ ಹೇಳಲೇಬೇಕು. ನೋವಾಗುತ್ತದೆ, ನಿಜ. ಆದರೆ ಆ ಸಾಲಕ್ಕೆ ಅವರದ್ದೂ ಸಹಿ ಇದೆ ಅಲ್ವಾ? ಸಾಮಾನ್ಯವಾಗಿ ಕೋರ್ಸ್ ಮುಗಿದ ಒಂದು ವರ್ಷಕ್ಕೆ ಕಂತು ಶುರು. ಬಡ್ಡಿ ಈಗಲೇ ಬೆಳೆಯುತ್ತಿರುತ್ತದೆ. ಕೋರ್ಸ್ ಒಂದು ಸೆಮಿಸ್ಟರ್ ಎಳೆದರೆ ಬ್ಯಾಂಕಿಗೆ ಮೊದಲೇ ತಿಳಿಸಿ ಗಡುವು ಕೇಳಬೇಕು. ಮ್ಯಾನೇಜರ್ ಬಾಯಿಂದ ಅವರಿಗೆ ಗೊತ್ತಾಗುವುದು ಬೇಡ. ಕಬ್ಬು ಕಡಿಸಿ ಕಾರ್ಖಾನೆಗೆ ಹಾಕಿ, ದುಡ್ಡಿಗೆ ತಿಂಗಳುಗಟ್ಟಲೆ ಕಾದು ಸಂಸಾರ ತೂಗಿಸಿದವರಿಗೆ ಒಂದು ಸೆಮಿಸ್ಟರ್ ಕೈಕೊಟ್ಟಿದ್ದು ಅರ್ಥವಾಗುತ್ತದೆ. ಮಗ ಸುಳ್ಳು ಹೇಳಿದ್ದೇ ಹೆಚ್ಚು ಚುಚ್ಚುತ್ತದೆ. ಅದಕ್ಕೇ ದಿನ ದೂಡಬೇಡಿ.

ಮತ್ತೆ, ಅಮ್ಮನ ಕೈಲಿ ಹೇಳಿಸಬೇಡಿ. ಪಾಪ, ಅವರನ್ನು ನಡುವೆ ಸಿಕ್ಕಿಸಬಾರದು. ಅಪ್ಪ ಗದ್ದೆಯಿಂದ ಬಂದು ಊಟ ಮುಗಿಸಿದ ಮೇಲೆ ನೀವೇ ಫೋನ್ ಮಾಡಿ. "ಅಪ್ಪಾ, ಎರಡು ವಿಷಯ ಹೋಗಿವೆ, ಸುಳ್ಳು ಹೇಳಿದ್ದೆ, ತಪ್ಪಾಯ್ತು" ಎಂದು ಶುರು ಮಾಡಿ. ಸಲಹೆಗಾರರು ಹೇಳಿದ್ದನ್ನು ಒಂದೊಂದಾಗಿ ತಿಳಿಸಿ. ಬೈದರೆ ಬೈಸಿಕೊಳ್ಳಿ, ಫೋನ್ ಇಡಬೇಡಿ. "ವಾಪಸ್ ಬಂದ್ಬಿಡು" ಅಂದರೆ ಜಗಳಕ್ಕೆ ನಿಲ್ಲದೆ, ಮುಂದಿನ ಪರೀಕ್ಷೆ ಮುಗಿಯುವ ತನಕ ಟೈಮ್ ಕೇಳಿ.