ಎಗ್ ಪಂಕ್, ಸಿಂತ್ ಪಂಕ್ ಹೊಸ ಬಿಡುಗಡೆಗಳನ್ನು ಮೈಸೂರಿನಲ್ಲಿ ಕುಳಿತು ಹುಡುಕುವುದು ಹೇಗೆ?

ನೀವು ಮೂರು ಸಂಗತಿ ಕೇಳಿದ್ದೀರಿ. ಗ್ಯಾರೇಜ್, ಸಿಂತ್ ಮತ್ತು ಎಗ್ ಪಂಕ್‌ನ ಹೊಸ ಬಿಡುಗಡೆಗಳು ಎಲ್ಲಿ ಸಿಗುತ್ತವೆ? ಎಲ್ಲವೂ ಒಂದೇ ತರಹ ಕೇಳಿಸುವಾಗ ಒಳ್ಳೆಯದನ್ನು ಗುರುತಿಸುವುದು ಹೇಗೆ? ಮೈಸೂರಿಗೆ ಕ್ಯಾಸೆಟ್ ತರಿಸಬಹುದೇ? ಹೊಸಬರಿಗೆ ಒಂದು ಮಾತು: ಪಂಕ್ ಎಂದರೆ ಒರಟಾದ, ವೇಗದ ಚಿಕ್ಕ ರಾಕ್ ಹಾಡುಗಳು. ಗ್ಯಾರೇಜ್ ಅದಕ್ಕೂ ಹಳೆಯ ಕಚ್ಚಾ ರಾಕ್, ಸಿಂತ್ ಪಂಕ್‌ನಲ್ಲಿ ಸಿಂತಸೈಜರ್ ಎಂಬ ವಿದ್ಯುನ್ಮಾನ ವಾದ್ಯ ಮುಂದಿರುತ್ತದೆ, ಎಗ್ ಪಂಕ್ ಮನೆಯಲ್ಲೇ ಮಾಡಿದ ಕೀರಲು ದನಿಯ ತಮಾಷೆಯ ಬಗೆ. ನಾನೂ ಇದೇ ಊರಿನವನು, ಕುವೆಂಪುನಗರದಲ್ಲಿದ್ದೇನೆ. ಈ ಸಂಗೀತವನ್ನು ವರ್ಷಗಳಿಂದ ಬಿಡದೆ ಕೇಳುತ್ತಿದ್ದೇನೆ. ಬ್ಯಾಂಡ್‌ಗಳ ಹೆಸರುಗಳ ಬೆನ್ನು ಹತ್ತಬೇಡಿ, ಲೇಬಲ್‌ಗಳನ್ನು (ರೆಕಾರ್ಡು ಹೊರತರುವ ಸಂಸ್ಥೆಗಳನ್ನು) ಹಿಡಿದುಕೊಳ್ಳಿ ಎಂಬುದೇ ನನ್ನ ಮುಖ್ಯ ಸಲಹೆ.

ಈ ವಲಯದಲ್ಲಿ ಬ್ಯಾಂಡ್ ಎಂದರೆ ಎಷ್ಟೋ ಸಲ ಒಬ್ಬನೇ ವ್ಯಕ್ತಿ. ಮನೆಯ ಕೋಣೆಯಲ್ಲಿ ನಾಲ್ಕು ಹಾಡು ಮಾಡಿ ಒಂದು ಹೆಸರಿಟ್ಟು ಬಿಡುಗಡೆ ಮಾಡುತ್ತಾನೆ, ಮುಂದಿನ ವರ್ಷ ಇನ್ನೊಂದು ಹೆಸರಿನಲ್ಲಿ ಬರುತ್ತಾನೆ. ಸಿಡ್ನಿಯ ಗೀ ಟೀ, ರಿಸರ್ಚ್ ರಿಯಾಕ್ಟರ್ ಕಾರ್ಪೊರೇಷನ್, ಸಟಾನಿಕ್ ಟೋಗಾಸ್ ಇವುಗಳನ್ನು ನೋಡಿ. ಹೆಸರು ಬೇರೆ ಬೇರೆ, ಆದರೆ ಒಳಗಿರುವುದು ಹೆಚ್ಚು ಕಡಿಮೆ ಒಂದೇ ಗೆಳೆಯರ ಬಳಗ. ಹೆಸರು ಹಿಡಿದು ಹುಡುಕಿದರೆ ನೀವು ಸದಾ ಹಿಂದೆಯೇ ಉಳಿಯುತ್ತೀರಿ. ಲೇಬಲ್ ನಡೆಸುವವರ ಕಿವಿ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಆಸ್ಟ್ರೇಲಿಯಾದ ವಾರ್ಟ್‌ಮನ್ ಇಂಕ್ ಮತ್ತು ಆ್ಯಂಟಿ ಫೇಡ್, ಅಮೆರಿಕದ ಫೀಲ್ ಇಟ್, ಟೋಟಲ್ ಪಂಕ್ ಹಾಗೂ ಮೆಂಫಿಸ್ ನಗರದ ಗೋನರ್, ಜರ್ಮನಿಯ ಎರ್ಸ್ಟೆ ಥೇಕೆ ಟೊನ್‌ಟ್ರೇಗರ್, ಇಟಲಿಯ ಗುಡ್‌ಬೈ ಬೂಜಿ. ಬ್ಯಾಂಡ್‌ಗಳೂ ಲೇಬಲ್‌ಗಳೂ ಸಂಗೀತವನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಇವುಗಳ ಪುಟಕ್ಕೆ ಹೋಗಿ ಫಾಲೋ ಒತ್ತಿಬಿಡಿ. ಹೊಸದೊಂದು ಬಂದಾಗ ಇಮೇಲ್ ತಾನಾಗಿ ಬರುತ್ತದೆ.

ಇನ್ನೂ ಒಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಪ್ರತಿ ಆಲ್ಬಂನ ಬಳಿ ಅದನ್ನು ಕೊಂಡವರ ಪುಟ್ಟ ಚಿತ್ರಗಳ ಸಾಲು ಇರುತ್ತದೆ. ಒಂದರ ಮೇಲೆ ಒತ್ತಿದರೆ ಆ ವ್ಯಕ್ತಿಯ ಸಂಗ್ರಹವೆಲ್ಲ ತೆರೆದುಕೊಳ್ಳುತ್ತದೆ. ನಿಮಗೆ ತುಂಬಾ ಹಿಡಿಸಿದ, ಆದರೆ ಹೆಚ್ಚು ಜನ ಕೊಳ್ಳದ ಒಂದು ಡೆಮೊ (ಕಚ್ಚಾ ಧ್ವನಿಮುದ್ರಣ) ತೆಗೆದುಕೊಂಡು ಅದನ್ನು ಕೊಂಡವರ ಕಪಾಟು ನೋಡಿ. ಯಾವ ಆ್ಯಪ್‌ನ ಶಿಫಾರಸೂ ಇಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ, ಏಕೆಂದರೆ ಇಲ್ಲಿರುವುದು ದುಡ್ಡು ಕೊಟ್ಟು ಆರಿಸಿದವರ ರುಚಿ. ವಿಮರ್ಶೆ ಓದಬೇಕೆಂದರೆ ಮ್ಯಾಕ್ಸಿಮಮ್ ರಾಕ್‌ ಎನ್ ರೋಲ್ ಇದೆ. 1982ರಲ್ಲಿ ಪತ್ರಿಕೆಯಾಗಿ ಶುರುವಾಗಿ 2019ರಲ್ಲಿ ಮುದ್ರಣ ನಿಲ್ಲಿಸಿದರೂ ಅಂತರ್ಜಾಲದಲ್ಲಿ ವಿಮರ್ಶೆಗಳು ಮುಂದುವರಿದಿವೆ.

ಈಗ ಎಲ್ಲವೂ ಒಂದೇ ತರಹ ಕೇಳಿಸುತ್ತದೆ ಎಂಬ ಮಾತು. ಅದಕ್ಕೆ ಮುಖ್ಯ ಕಾರಣ ಉಪಕರಣಗಳು. ಗಿಟಾರನ್ನು ಆಂಪ್ಲಿಫೈಯರ್‌ಗೆ ಕೊಡದೆ ನೇರವಾಗಿ ರೆಕಾರ್ಡರ್‌ಗೆ ಸಿಕ್ಕಿಸುತ್ತಾರೆ, ಹಾಗಾಗಿ ಅದು ತೆಳ್ಳಗೆ, ಚುರುಕಾಗಿ, ಗುಂಗಿಲ್ಲದೆ ಕೇಳಿಸುತ್ತದೆ. ಡ್ರಮ್ ಬಾರಿಸುವವರ ಜಾಗದಲ್ಲಿ ಡ್ರಮ್ ಮೆಷಿನ್. ಟಿಯಾಕ್ ಕಂಪನಿ 1979ರಲ್ಲಿ ತಂದ ಪೋರ್ಟಾಸ್ಟುಡಿಯೊದಂತಹ ನಾಲ್ಕು ಟ್ರ್ಯಾಕಿನ (ನಾಲ್ಕು ದನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ) ಕ್ಯಾಸೆಟ್ ರೆಕಾರ್ಡರ್‌ಗಳಲ್ಲಿ ಟೇಪಿನ ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿಯಿರುತ್ತದೆ. ವೇಗ ತಗ್ಗಿಸಿ ಹಾಡಿ, ಆಮೇಲೆ ಮಾಮೂಲು ವೇಗದಲ್ಲಿ ಓಡಿಸಿದರೆ ದನಿ ಕೀರಲಾಗುತ್ತದೆ, ತಾಳ ಓಡತೊಡಗುತ್ತದೆ. ಎಗ್ ಪಂಕ್‌ನ ಆ ಗಡಿಬಿಡಿಯ ಚಿಕ್ಕಮಕ್ಕಳ ದನಿ ಬರುವುದು ಬಹುಪಾಲು ಹೀಗೆ. ಈ ಉಪಾಯಗಳನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು, ಆದ್ದರಿಂದ ಅನುಕರಣೆಗೆ ಬರವಿಲ್ಲ.

ಅನುಕರಣೆಯನ್ನು ಬೇರ್ಪಡಿಸಲು ನಾನು ಮೊದಲು ಕಿವಿಗೊಡುವುದು ಬೇಸ್ ಗಿಟಾರಿಗೆ. ಒಳ್ಳೆಯ ಹಾಡಿನಲ್ಲಿ ರಾಗವನ್ನು ಹೊತ್ತು ನಡೆಯುವುದು ಅದೇ. ಗಿಟಾರ್ ಸಂದುಗಳಲ್ಲಿ ಚುಚ್ಚಿ ಹೋಗುತ್ತದೆ, ಸಿಂತಸೈಜರ್ ಒಂದೆರಡು ಸ್ವರಗಳಲ್ಲೇ ಕಾಡುತ್ತದೆ. ಮೂರೂ ಒಂದೇ ಗೆರೆಯನ್ನು ಒಟ್ಟಿಗೆ ನುಡಿಸುತ್ತಾ ಬರೀ ಓಡುತ್ತಿದ್ದರೆ ಅಲ್ಲಿ ಹಾಡಿಲ್ಲ, ಸದ್ದು ಮಾತ್ರ ಇದೆ. ಆಮೇಲೆ ಎರಡನೆಯ ಚರಣ ಬಂದಾಗ ಏನಾದರೂ ಬದಲಾಯಿತೇ ಎಂದು ಗಮನಿಸುತ್ತೇನೆ. ಒಂದೂವರೆ ನಿಮಿಷದ ಹಾಡಿನಲ್ಲೂ ಒಂದು ತಿರುವು ಇರಬೇಕು. ಒಂದು ಪೆಟ್ಟು ಬಿಟ್ಟುಹೋಗಬಹುದು, ಯಾರೂ ನಿರೀಕ್ಷಿಸದ ಕಡೆ ಎಲ್ಲವೂ ತಟ್ಟನೆ ನಿಂತು ಮತ್ತೆ ಎದ್ದುಕೊಳ್ಳಬಹುದು. ಮಾರನೆಯ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಮೊಬೈಲ್ ಇಲ್ಲದೆಯೂ ರಾಗ ಬಾಯಿಗೆ ಬಂದರೆ ಆ ಡೆಮೊ ಗೆದ್ದಿತೆಂದೇ ಲೆಕ್ಕ.

ಹಳೆಯದನ್ನು ಸ್ವಲ್ಪ ಕೇಳಿಕೊಂಡರೆ ಹೊಸದರ ಬೆಲೆ ಬೇಗ ತಿಳಿಯುತ್ತದೆ. ಗ್ಯಾರೇಜ್‌ಗೆ 1972ರಲ್ಲಿ ಲೆನ್ನಿ ಕೇ ಸಂಕಲಿಸಿದ ‘ನಗೆಟ್ಸ್’ ಸಾಕು. ಸಿಂತ್ ಪಂಕ್‌ಗೆ ನ್ಯೂಯಾರ್ಕಿನ ಸುಯಿಸೈಡ್ ಎಂಬ ಇಬ್ಬರ ತಂಡದ 1977ರ ಮೊದಲ ಆಲ್ಬಂ. ಲಾಸ್ ಏಂಜಲೀಸ್‌ನ ಸ್ಕ್ರೀಮರ್ಸ್ ಕೂಡ ಬೇಕು. ಗಿಟಾರೇ ಇಲ್ಲದ ಪಂಕ್ ತಂಡ ಅದು. ಇದ್ದಷ್ಟು ದಿನ ಒಂದೂ ರೆಕಾರ್ಡ್ ಹೊರತರಲಿಲ್ಲ, 1977ರ ಡೆಮೊ ಅಧಿಕೃತವಾಗಿ ಬಂದದ್ದು 2021ರಲ್ಲಿ. ಎಗ್ ಪಂಕ್‌ನ ತಾಯಿಬೇರು ಮಾತ್ರ ಒಹಾಯೊದ ಆ್ಯಕ್ರನ್ ಪಟ್ಟಣದ ಡೀವೊ. ಬ್ರಯನ್ ಈನೊ ನಿರ್ಮಿಸಿದ 1978ರ ಆಲ್ಬಂ ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮುಂಚೆ 1974ರಿಂದ 1977ರವರೆಗೆ ನಾಲ್ಕು ಟ್ರ್ಯಾಕಿನಲ್ಲಿ ಮಾಡಿಕೊಂಡ ಧ್ವನಿಮುದ್ರಣಗಳು ‘ಹಾರ್ಡ್‌ಕೋರ್ ಡೀವೊ’ ಎಂಬ ಎರಡು ಸಂಪುಟಗಳಲ್ಲಿ ಇವೆ. ಇಂದಿನ ಕೋಣೆಯ ಬ್ಯಾಂಡ್‌ಗಳು ಕಲಿತದ್ದು ಆ ಒರಟು ಡೆಮೊಗಳಿಂದ. ಅಲ್ಲಿಂದ ನೇರವಾಗಿ ಇಂಡಿಯಾನಾದ ಕೋನ್‌ಹೆಡ್ಸ್ 2015ರಲ್ಲಿ ತಂದ ಆಲ್ಬಂಗೆ ಜಿಗಿಯಿರಿ, ನಂಟು ತಾನಾಗಿ ಕೇಳಿಸುತ್ತದೆ.

ಇತ್ತೀಚಿನವುಗಳಲ್ಲಿ ಆಸ್ಟ್ರೇಲಿಯಾದ ಆರ್.ಎಂ.ಎಫ್.ಸಿ. ತಂಡದ ‘ಕ್ಲಬ್ ಹಿಟ್ಸ್’ (2023) ಮತ್ತು ಬಾರ್ಸಿಲೋನಾದ ಪ್ರಿಸನ್ ಅಫೇರ್ ತಂಡದ ಡೆಮೊಗಳನ್ನು ಕಣ್ಣು ಮುಚ್ಚಿ ಶಿಫಾರಸು ಮಾಡುತ್ತೇನೆ. ನ್ಯಾಶ್‌ವಿಲ್‌ನ ಸ್ನೂಪರ್ ತಂಡವನ್ನು ಕೇಳುವಾಗ ಒಂದು ಕೆಲಸ ಮಾಡಿ. ಅವರ ಮೊದಲ ಚಿಕ್ಕ ಬಿಡುಗಡೆಗಳನ್ನೂ 2023ರ ‘ಸೂಪರ್ ಸ್ನೂಪರ್’ ಆಲ್ಬಂ ಅನ್ನೂ ಒಂದರ ಹಿಂದೆ ಒಂದು ಹಾಕಿ. ಕೆಲವು ಹಾಡುಗಳು ಎರಡರಲ್ಲೂ ಇವೆ. ಮೊದಲನೆಯದರಲ್ಲಿ ಮನೆಯ ಟೇಪಿನ ಗೊರಗೊರ, ಎರಡನೆಯದರಲ್ಲಿ ಸ್ಟುಡಿಯೊದ ಬಿಗಿ. ಟೇಪಿನ ಗೊರಗೊರ ತೆಗೆದ ಮೇಲೂ ಹಾಡು ನಿಂತಿದೆ. ನನಗೆ ಇದಕ್ಕಿಂತ ಗಟ್ಟಿ ಪರೀಕ್ಷೆ ಕಾಣುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಈ ಬಿಡುಗಡೆಗಳಲ್ಲಿ ಎಷ್ಟೋ ಕಡೆ ಬೆಲೆಯನ್ನು ನೀವೇ ನಿರ್ಧರಿಸಬಹುದು, ಸೊನ್ನೆ ಹಾಕಿದರೂ ಇಳಿಸಿಕೊಳ್ಳಲು ಬಿಡುತ್ತಾರೆ. ದಯವಿಟ್ಟು ಸೊನ್ನೆ ಹಾಕಬೇಡಿ. ನಮ್ಮ ಊರಿಗೆ ಇದರಲ್ಲಿ ಒಂದು ಪರಂಪರೆಯೇ ಇದೆ. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್‌ನಲ್ಲಿ ವಯಸ್ಸಾಗಿ, ಹೆಚ್ಚು ಜನ ಕೇಳುವವರಿಲ್ಲದೆ ಇದ್ದಾಗ, 1940ರ ದಶಕದ ಕೊನೆಯಲ್ಲಿ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರ್. ಎಚ್‌ಎಂವಿ ಆ ರೆಕಾರ್ಡುಗಳನ್ನು ಹೊರತಂದಿತು, ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು, ಅವರೇ ನುಡಿಸಿದ್ದು ಇಂದಿಗೂ ಕೇಳಸಿಗುತ್ತದೆ. ಅರಸರ ಬೊಕ್ಕಸ ನಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ಸಿಡ್ನಿಯಲ್ಲೋ ಬಾರ್ಸಿಲೋನಾದಲ್ಲೋ ಕೋಣೆಯಲ್ಲಿ ಹಾಡು ಮಾಡುತ್ತಿರುವವರಿಗೆ ಮೈಸೂರಿನಿಂದ ನೂರು ರೂಪಾಯಿ ಬಂದರೂ ದೂರದಲ್ಲೊಬ್ಬರು ಕೇಳಿದ್ದಾರೆಂದು ತಿಳಿಯುತ್ತದೆ.

ಪಾವತಿಗೆ ನಿಮ್ಮ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ತೆರೆದಿರಬೇಕು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಬರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆದು ಮಿತಿಯನ್ನೂ ಹಾಕಿಕೊಳ್ಳಬೇಕು. ಬ್ಯಾಂಡ್‌ಕ್ಯಾಂಪ್ ಮಾಮೂಲಾಗಿ ಡಿಜಿಟಲ್ ಮಾರಾಟದಲ್ಲಿ ಶೇ 15ರಷ್ಟು ಪಾಲು ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಆರಂಭವಾದ ‘ಬ್ಯಾಂಡ್‌ಕ್ಯಾಂಪ್ ಫ್ರೈಡೇ’ ದಿನಗಳಲ್ಲಿ ಆ ಪಾಲನ್ನು ಬಿಟ್ಟುಕೊಡುತ್ತದೆ. ಅದು ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದಂತೆ ನಡೆಯುವುದರಿಂದ ನಮಗೆ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ, ಅಲ್ಲಿ ಚಳಿಗಾಲವಿದ್ದರೆ ಒಂದೂವರೆಗೆ ಶುರುವಾಗುತ್ತದೆ. ಕೊಳ್ಳಬೇಕಾದ್ದನ್ನು ಪಟ್ಟಿ ಮಾಡಿಟ್ಟು ಆ ದಿನ ಕೊಳ್ಳಿ.

ಕ್ಯಾಸೆಟ್ ತರಿಸಬಹುದು, ಆದರೆ ಒಂದೊಂದಾಗಿ ಬೇಡ. ಅಂಚೆ ಖರ್ಚು ಎಷ್ಟೋ ಸಲ ಕ್ಯಾಸೆಟ್ಟಿನ ಬೆಲೆಯನ್ನೇ ಮೀರುತ್ತದೆ, ಮೇಲೆ ಕಸ್ಟಮ್ಸ್ ಸುಂಕವೂ ಬೀಳಬಹುದು. ಒಂದೇ ಲೇಬಲ್‌ನಿಂದ ಕೆಲವನ್ನು ಒಟ್ಟಿಗೆ ತರಿಸಿದರೆ ಹೊರೆ ಕಡಿಮೆ. ಅದಕ್ಕೂ ಮುಂಚೆ ಮನೆಯ ಅಟ್ಟದ ಮೇಲಿನ ಟೇಪ್ ರೆಕಾರ್ಡರ್ ಇಳಿಸಿ ನೋಡಿ. ವರ್ಷಗಟ್ಟಲೆ ಓಡದೆ ಇದ್ದ ಯಂತ್ರದಲ್ಲಿ ರಬ್ಬರ್ ಬೆಲ್ಟ್ ಸಡಿಲವಾಗಿ ಅಥವಾ ಕರಗಿ ಅಂಟಾಗಿರುತ್ತದೆ. ಹಾಗಿದ್ದರೆ ಹಾಡು ತೇಲಾಡುತ್ತದೆ, ಮೊದಲೇ ವೇಗ ತಿರುಚಿದ ಎಗ್ ಪಂಕ್‌ನಲ್ಲಿ ಯಾವುದು ಅವರ ಕೈಚಳಕ, ಯಾವುದು ನಿಮ್ಮ ಬೆಲ್ಟಿನ ದೋಷ ಎಂದು ಗೊತ್ತೇ ಆಗುವುದಿಲ್ಲ. ಹಳೆಯ ರೇಡಿಯೊ, ಟೀವಿ ರಿಪೇರಿ ಮಾಡುವವರಲ್ಲಿ ಬೆಲ್ಟ್ ಹಾಕಿಸಿ. ರೀಲನ್ನು ಓದುವ ಹೆಡ್ ಅನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆಯೇ ಕ್ಯಾಸೆಟ್ ಹಾಕಿ. ಮಳೆಗಾಲದಲ್ಲಿ ರೀಲಿಗೆ ಬೂಷ್ಟು ಹಿಡಿಯದಂತೆ ಕ್ಯಾಸೆಟ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬ್ಯಾಂಡ್‌ಕ್ಯಾಂಪ್‌ನಲ್ಲಿ ಕ್ಯಾಸೆಟ್ ಕೊಂಡರೆ ಸಾಮಾನ್ಯವಾಗಿ ಡಿಜಿಟಲ್ ಪ್ರತಿಯೂ ಸಿಗುತ್ತದೆ, ಹಾಗಾಗಿ ಅಂಚೆ ಎಷ್ಟೇ ತಡವಾದರೂ ಹಾಡನ್ನು ಅಂದೇ ಕೇಳಬಹುದು.