ಮೆಚ್ಚುಗೆಯ ಪುಟಗಳು ಯಾಕೆ ಬೇಕು

ಮಾನ್ಯರೇ,

ವರ್ಷಾಂತ್ಯದ ಸಂಚಿಕೆಯಲ್ಲಿ ನಾವು ಓದುಗರಿಗೆ ಬಿಟ್ಟುಕೊಟ್ಟ ಪುಟಗಳ ಬಗ್ಗೆ ನೀವು ಬರೆದ ದೀರ್ಘ ಪತ್ರ ತಲುಪಿದೆ. ವರ್ಷದಲ್ಲಿ ತಾವು ಅತಿಯಾಗಿ ಮೆಚ್ಚಿದ ಪುಸ್ತಕ ಯಾವುದು, ಯಾವ ಕಥಾಲೋಕವನ್ನು ಮತ್ತೆ ಮತ್ತೆ ಹೊಕ್ಕು ಬರುತ್ತಾರೆ ಎಂದು ಓದುಗರೇ ಹೇಳಿಕೊಂಡ ಆ ಪುಟಗಳು ನಿಮಗೆ ಹಿಡಿಸಲಿಲ್ಲ. ಪುಸ್ತಕದ ಯೋಗ್ಯತೆಯನ್ನು ಅಳೆಯುವುದು ವಿಮರ್ಶಕರ ಕೆಲಸ, ಅದನ್ನು ಎಲ್ಲರ ಕೈಗೂ ಕೊಟ್ಟಿದ್ದು ಸರಿಯಲ್ಲ ಎನ್ನುತ್ತೀರಿ. ಹೆಸರಿಸಿದ ಪುಸ್ತಕಗಳಲ್ಲಿ ಬಹಳಷ್ಟು ದಶಕಗಳ ಹಿಂದಿನವು, ಅವು ‘ವರ್ಷದ ಪುಸ್ತಕ’ ಆಗುವುದು ಹೇಗೆ ಎಂದು ಕೇಳುತ್ತೀರಿ. ನಿಮ್ಮ ಮುಖ್ಯ ಅಸಮಾಧಾನ ಮಾತ್ರ ಅಭಿಮಾನಿಗಳ ಮೇಲೆ. ಪತ್ತೇದಾರನೊಬ್ಬ ನಿಜವಾಗಿ ಬದುಕಿದ್ದನೆಂಬಂತೆ, ಮಾಂತ್ರಿಕ ಲೋಕವೊಂದರ ಭೂಪಟವೇ ತಮ್ಮ ಕಿಸೆಯಲ್ಲಿದೆ ಎಂಬಂತೆ ಬರೆಯುವವರಿಗೆ ಸಾಹಿತ್ಯ ಪತ್ರಿಕೆಯಲ್ಲಿ ಜಾಗವೇಕೆ ಎಂಬುದು ನಿಮ್ಮ ಪ್ರಶ್ನೆ. ಈ ಹುಚ್ಚಿಗೂ ಓದಿಗೂ ಏನು ಸಂಬಂಧ ಎಂದು ಬರೆದ ಸಾಲಿನ ಕೆಳಗೆ ಗೆರೆಯನ್ನೂ ಎಳೆದಿದ್ದೀರಿ.

ಇಷ್ಟು ಕಳಕಳಿಯಿಂದ ಬರೆದ ಪತ್ರಕ್ಕೆ ಎರಡು ಸಾಲಿನ ಉತ್ತರ ಸಾಲದು.

ವಿಮರ್ಶಕರ ವಿಷಯವನ್ನು ಮೊದಲು ಮುಗಿಸುತ್ತೇನೆ. ಅವರ ಪುಟಗಳಲ್ಲಿ ಒಂದನ್ನೂ ನಾವು ಕಡಿತ ಮಾಡಿಲ್ಲ, ಮಾಡುವುದೂ ಇಲ್ಲ. ಒಂದು ಕೃತಿ ತನ್ನ ಪರಂಪರೆಯಲ್ಲಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಎಡವುತ್ತದೆ ಎಂದು ವಿಮರ್ಶಕರು ಹೇಳುತ್ತಾರೆ. ಆ ಕೃತಿ ಒಬ್ಬ ವ್ಯಕ್ತಿಯ ಬದುಕಿನೊಳಗೆ ಹೊಕ್ಕು ಏನು ಮಾಡಿತು ಎಂಬುದನ್ನು ಆ ವ್ಯಕ್ತಿಯೇ ಹೇಳಬೇಕು. ಎರಡನೆಯ ಮಾತು ಎಲ್ಲೂ ದಾಖಲಾಗದಿದ್ದರೆ ಮೊದಲನೆಯದು ಯಾರಿಗಾಗಿ?

ಹಳೆಯ ಪುಸ್ತಕಗಳ ಪ್ರಶ್ನೆಗೆ ಇನ್ನೂ ಸ್ವಲ್ಪ ಜಾಗ ಬೇಕು. ಪ್ರಕಾಶಕರಿಗೆ ಪುಸ್ತಕದ ವರ್ಷವೆಂದರೆ ಅಚ್ಚಾದ ವರ್ಷ, ಓದುಗರಿಗೆ ಓದಿದ ವರ್ಷ. ಜಾನ್ ವಿಲಿಯಮ್ಸ್ ಎಂಬ ಅಮೆರಿಕದ ಪ್ರಾಧ್ಯಾಪಕರ ‘ಸ್ಟೋನರ್’ ಕಾದಂಬರಿ 1965ರಲ್ಲಿ ಹೊರಬಂತು. ಎರಡು ಸಾವಿರ ಪ್ರತಿಗಳೂ ಖರ್ಚಾಗದೆ ಅಂಗಡಿಗಳಿಂದ ಮರೆಯಾಯಿತು. ಲೇಖಕರು 1994ರಲ್ಲಿ ತೀರಿಕೊಂಡರು. ಆದರೆ ಓದಿದ ಕೆಲವರು ಅದನ್ನು ಬಿಡಲಿಲ್ಲ; ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಸುತ್ತಲೇ ಹೋದರು. ಹೊಸ ಶತಮಾನದಲ್ಲಿ ಮರುಮುದ್ರಣ ಬಂತು. ಫ್ರೆಂಚ್ ಕಾದಂಬರಿಗಾರ್ತಿ ಆನಾ ಗಾವಲ್ಡಾ ಅದನ್ನು ಓದಿ ಮೆಚ್ಚಿ 2011ರಲ್ಲಿ ತಮ್ಮ ಭಾಷೆಗೆ ತಂದರು. ಯೂರೋಪಿನ ಹಲವು ದೇಶಗಳಲ್ಲಿ ಅದು ಬಿಸಿಬಿಸಿಯಾಗಿ ಮಾರಾಟವಾಯಿತು. 2013ರಲ್ಲಿ ಬ್ರಿಟನ್ನಿನ ವಾಟರ್‌ಸ್ಟೋನ್ಸ್ ಪುಸ್ತಕ ಮಳಿಗೆಗಳು ‘ವರ್ಷದ ಪುಸ್ತಕ’ ಎಂದು ಆರಿಸಿದ್ದು ಇದನ್ನೇ. ಅಂದರೆ ನಲವತ್ತೆಂಟು ವರ್ಷ ಹಳೆಯ ಕಾದಂಬರಿಯನ್ನು! ಅದನ್ನು ಅಷ್ಟು ದೂರ ಹೊತ್ತು ತಂದಿದ್ದು ಓದುಗರ ಮೆಚ್ಚುಗೆ.

ಝೋರಾ ನೀಲ್ ಹರ್ಸ್ಟನ್ ಅವರ ಕಥೆ ಇದಕ್ಕಿಂತ ನೋವಿನದು. 1937ರಲ್ಲಿ ತಮ್ಮ ಶ್ರೇಷ್ಠ ಕಾದಂಬರಿಯನ್ನು ಪ್ರಕಟಿಸಿದ ಆ ಅಮೆರಿಕದ ಲೇಖಕಿ 1960ರಲ್ಲಿ ಬಡತನದಲ್ಲೇ ಕಣ್ಮುಚ್ಚಿದರು. ಸಮಾಧಿಯ ಮೇಲೆ ಹೆಸರು ಬರೆದ ಕಲ್ಲೂ ಇರಲಿಲ್ಲ. ಅವರ ಬರಹವನ್ನು ಪ್ರೀತಿಸಿದ ಆಲಿಸ್ ವಾಕರ್ 1973ರಲ್ಲಿ ಹುಡುಕಿಕೊಂಡು ಹೋಗಿ, ಆ ಸಮಾಧಿ ಇದ್ದಿರಬಹುದಾದ ಜಾಗದಲ್ಲಿ ಕಲ್ಲು ನೆಡಿಸಿದರು. 1975ರಲ್ಲಿ ಆ ಹುಡುಕಾಟದ ಬಗ್ಗೆ ಒಂದು ಪತ್ರಿಕೆಗೆ ಲೇಖನ ಬರೆದರು. ಮೂರು ವರ್ಷಗಳಲ್ಲಿ ಕಾದಂಬರಿ ಮತ್ತೆ ಅಚ್ಚಾಗಿ ಕಾಲೇಜುಗಳ ಪಠ್ಯವಾಯಿತು. ವಾಕರ್ ಸ್ವತಃ ದೊಡ್ಡ ಲೇಖಕಿ, ನಿಜ. ಆದರೆ ಆ ದಿನ ಸೊಂಟದೆತ್ತರದ ಹುಲ್ಲಿನಲ್ಲಿ ಸಮಾಧಿ ಹುಡುಕುತ್ತಾ ನಡೆದದ್ದು ಅವರೊಳಗಿನ ಓದುಗಾರ್ತಿ. ಯಾರಾದರೂ ಹಳೆಯ ಪುಸ್ತಕವೊಂದರ ಹೆಸರು ಬರೆದು ಕಳುಹಿಸಿದಾಗ ‘ಇದು ಈ ವರ್ಷದ್ದಲ್ಲ’ ಎಂದು ಪಕ್ಕಕ್ಕಿಡಲು ನನಗೆ ಕೈ ಬರುವುದಿಲ್ಲ.

ಈಗ ಅಭಿಮಾನಿಗಳ ವಿಷಯ. ನಮ್ಮಿಬ್ಬರ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲೇ.

ಅಭಿಮಾನವೆಂದರೆ ವಿವೇಚನೆಯನ್ನು ಕಳೆದುಕೊಂಡ ಸ್ಥಿತಿ ಎಂದು ನೀವು ತಿಳಿದಂತಿದೆ. ನಾನು ಕಂಡ ಅಭಿಮಾನಿಗಳು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಓದುವವರು. ಷರ್ಲಾಕ್ ಹೋಮ್ಸ್ ಅಭಿಮಾನಿಗಳನ್ನೇ ನೋಡಿ. ಐತಿಹಾಸಿಕ ಕಾದಂಬರಿಗಳಿಗೆ ಸಮಯ ಬೇಕೆಂದು ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರಿನಲ್ಲಿ ಆ ಪತ್ತೇದಾರನನ್ನು ಜಲಪಾತಕ್ಕೆ ಬೀಳಿಸಿ ಕಥೆ ಮುಗಿಸಿದರು. ಓದುಗರು ಒಪ್ಪಲಿಲ್ಲ. 1901ರಲ್ಲಿ, ಸಾವಿಗೆ ಮುಂಚೆ ನಡೆದದ್ದೆಂದು ಹೇಳಿ ಒಂದು ಧಾರಾವಾಹಿ ಬರೆಯಬೇಕಾಯಿತು. 1903ರಲ್ಲಿ ಅವನನ್ನು ಬದುಕಿಸಿಯೇ ತರಬೇಕಾಯಿತು. ಇದು ಎಲ್ಲರಿಗೂ ಗೊತ್ತಿರುವ ಕಥೆ. ಆಮೇಲೆ ನಡೆದದ್ದು ನನ್ನ ಮಟ್ಟಿಗೆ ಇನ್ನೂ ಸ್ವಾರಸ್ಯದ್ದು.

1887ರ ಮೊದಲ ಕಾದಂಬರಿಯಲ್ಲಿ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್ನನಿಗೆ ಯುದ್ಧದಲ್ಲಿ ಗುಂಡು ತಗುಲಿದ್ದು ಭುಜಕ್ಕೆ. 1890ರ ಎರಡನೆಯ ಕಾದಂಬರಿಯಲ್ಲಿ ಅದು ಕಾಲಿಗೆ ಇಳಿದಿದೆ. ಅವನ ಹೆಸರು ಜಾನ್. ಆದರೆ ಒಂದು ಕಥೆಯಲ್ಲಿ ಹೆಂಡತಿ ಅವನನ್ನು ಜೇಮ್ಸ್ ಎಂದು ಕರೆಯುತ್ತಾಳೆ. ಲೇಖಕರು ಅವಸರದಲ್ಲಿ ಮರೆತರು ಎಂದು ಹೇಳಿ ಮುಂದೆ ಹೋಗಬಹುದಿತ್ತು. ಅಭಿಮಾನಿಗಳು ಹೋಗಲಿಲ್ಲ. ರೊನಾಲ್ಡ್ ನಾಕ್ಸ್ ಎಂಬ ವಿದ್ವಾಂಸ 1911ರಲ್ಲಿ, ಧರ್ಮಗ್ರಂಥಗಳ ಪಾಠ ಪರಿಶೀಲಿಸುವ ಅದೇ ಪಾಂಡಿತ್ಯದ ಕ್ರಮವನ್ನು ಈ ಕಥೆಗಳಿಗೆ ಹಚ್ಚಿ ಒಂದು ಪ್ರಬಂಧ ಓದಿದರು. ಅದನ್ನು ಕಂಡು ಸ್ವತಃ ಡಾಯ್ಲ್ ಬೆರಗಾಗಿ ಅವರಿಗೆ ಪತ್ರ ಬರೆದರು. ಡೊರೊತಿ ಸೇಯರ್ಸ್ ಎಂಬ ಪತ್ತೇದಾರಿ ಲೇಖಕಿ ಹೆಸರಿನ ಗೊಂದಲಕ್ಕೆ ಒಂದು ಪರಿಹಾರ ಸೂಚಿಸಿದರು: ವಾಟ್ಸನ್ನನ ಹೆಸರಿನ ನಡುವೆ ಇರುವ ‘ಎಚ್’ ಅಕ್ಷರ ಹೇಮಿಷ್ ಎಂಬುದರ ಗುರುತಾಗಿರಬೇಕು, ಅದು ಜೇಮ್ಸ್ ಎಂಬುದರ ಸ್ಕಾಟಿಷ್ ರೂಪ, ಹೆಂಡತಿ ಸಲಿಗೆಯಿಂದ ಅದನ್ನೇ ಬಳಸಿದ್ದಾಳೆ ಎಂದು. ಇಂಥ ಊಹೆ ಹೊಳೆಯಬೇಕಾದರೆ ಕಥೆಗಳ ಒಂದೊಂದು ಸಾಲೂ ನೆನಪಿನಲ್ಲಿ ನಿಂತಿರಬೇಕು. ಇವರಿಗೆ ಇದೊಂದು ಆಟವೇ ಆಗಿತ್ತು. ಆದರೆ ಅರವತ್ತು ಕಥೆ, ಕಾದಂಬರಿಗಳನ್ನು ಎದುರಿಗಿಟ್ಟುಕೊಂಡು ಒಂದನ್ನು ಇನ್ನೊಂದಕ್ಕೆ ತಾಳೆ ನೋಡುವ ಓದನ್ನು ಆ ಆಟ ಕಲಿಸಿತು. ಪರೀಕ್ಷೆಯ ಭಯದಿಂದ ಇಂಥ ಓದು ಹುಟ್ಟುವುದನ್ನು ನಾನು ಕಂಡಿಲ್ಲ.

ನಮ್ಮ ಪುಟಗಳಲ್ಲೂ ಇದಕ್ಕೆ ಉದಾಹರಣೆ ಇತ್ತು, ನೀವು ಕೋಪದಲ್ಲಿ ದಾಟಿ ಹೋಗಿರಬಹುದು. ಮಾಂತ್ರಿಕ ಲೋಕದ ಸರಣಿಯೊಂದರ ಬಗ್ಗೆ ಬರೆದ ಓದುಗರೊಬ್ಬರು ಎರಡನೆಯ ಸಂಪುಟದ ಪ್ರಯಾಣದ ದಿನಗಳನ್ನು ಚಂದ್ರನ ವೃದ್ಧಿ ಕ್ಷಯಗಳೊಂದಿಗೆ ಹೋಲಿಸಿ, ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ತೋರಿಸಿದ್ದರು. ಅಷ್ಟಕ್ಕೇ ನಿಲ್ಲದೆ, ಲೆಕ್ಕ ತಪ್ಪಿದ ಆ ಅಧ್ಯಾಯವೇ ತಮಗೆ ಎಲ್ಲಕ್ಕಿಂತ ಪ್ರಿಯ ಏಕೆ ಎಂದೂ ವಿವರಿಸಿದ್ದರು: ಅಲ್ಲಿ ಪಾತ್ರಗಳು ದಾರಿ ತಪ್ಪಿ, ದಣಿದು, ಒಬ್ಬರನ್ನೊಬ್ಬರು ಮೊದಲ ಬಾರಿ ನಂಬುತ್ತಾರೆ, ದಿನಗಳ ಎಣಿಕೆ ಲೇಖಕರಿಗೂ ಮರೆತುಹೋಗುವಷ್ಟು ಅವರು ಆ ಪಾತ್ರಗಳ ಜೊತೆಗಿದ್ದರು ಎಂದು. ತಪ್ಪನ್ನು ಕಂಡೂ ಪ್ರೀತಿಸುವವರ ಮಾತು ಅದು. ಹುಚ್ಚು ಎಂದು ಕರೆಯಲು ನನಗೆ ಮನಸ್ಸಿಲ್ಲ.

ಪತ್ರಿಕೆಯವನಾಗಿ ನನಗೆ ಇನ್ನೊಂದು ಋಣವೂ ಇದೆ. ಇಂದು ಫ್ಯಾನ್‌ಡಮ್ ಎಂದು ಕರೆಯುವ ಅಭಿಮಾನಿ ಬಳಗದ ಒಂದು ಮುಖ್ಯ ಕವಲು ಹುಟ್ಟಿದ್ದೇ ಪತ್ರಿಕೆಗಳ ಓದುಗರ ಪತ್ರ ವಿಭಾಗದಲ್ಲಿ. ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ವೈಜ್ಞಾನಿಕ ಕಥೆಗಳ ಮಾಸಿಕ ಓದುಗರ ಪತ್ರಗಳ ಜೊತೆ ಅವರ ವಿಳಾಸಗಳನ್ನೂ ಅಚ್ಚು ಹಾಕುತ್ತಿತ್ತು. ಒಂಟಿಯಾಗಿ ಓದುತ್ತಿದ್ದವರು ಆ ವಿಳಾಸ ಹಿಡಿದು ಪರಸ್ಪರ ಪತ್ರ ಬರೆಯತೊಡಗಿದರು. ಪತ್ರಗಳಿಂದ ಸಂಘಗಳಾದವು. 1930ರ ಹೊತ್ತಿಗೆ ಅವರೇ ಪುಟ್ಟ ಪತ್ರಿಕೆಗಳನ್ನು ತಯಾರಿಸಿ ಹಂಚಿಕೊಂಡರು. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ಮರ್ಟಲ್ ಡಗ್ಲಸ್ ಎಂಬ ಅಭಿಮಾನಿ ತಾವೇ ಹೊಲಿದ ಭವಿಷ್ಯಲೋಕದ ಉಡುಪು ತೊಟ್ಟು ಬಂದರು. ವೇಷ ತೊಡುವವರ ಬಗ್ಗೆ ನೀವು ಬೇಸರಿಸಿದ್ದೀರಿ, ಆ ರೂಢಿಯ ಬೇರು ಅಷ್ಟು ಹಳೆಯದು. ಗರ್ನ್ಸ್‌ಬ್ಯಾಕ್ ಹೆಸರಿನಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ 1953ರಿಂದ ಕೊಡುತ್ತಿರುವ ಹ್ಯೂಗೊ ಪ್ರಶಸ್ತಿಗೆ ಇಂದಿಗೂ ತೀರ್ಪುಗಾರರ ಮಂಡಳಿ ಇಲ್ಲ, ಸಮ್ಮೇಳನದ ಸದಸ್ಯರಾದ ಓದುಗರೇ ಮತ ಹಾಕುತ್ತಾರೆ.

ಈ ಬಳಗಗಳು ಬರೆಯುವವರನ್ನೂ ಬೆಳೆಸಿದವು. ‘ಸ್ಟಾರ್ ಟ್ರೆಕ್’ ಎಂಬ ದೂರದರ್ಶನ ಸರಣಿ ಎರಡನೆಯ ವರ್ಷಕ್ಕೇ ನಿಲ್ಲುವ ಸುದ್ದಿ ಬಂದಾಗ ಬೀಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಪತ್ರ ಚಳವಳಿಯನ್ನೇ ಸಂಘಟಿಸಿದರು. ಪತ್ರಗಳ ರಾಶಿ ಕಂಡು 1968ರಲ್ಲಿ ವಾಹಿನಿ ಸರಣಿಯನ್ನು ಮುಂದುವರಿಸುವುದಾಗಿ ಘೋಷಿಸಬೇಕಾಯಿತು. ಅದರ ಹಿಂದಿನ ವರ್ಷವೇ ಅಭಿಮಾನಿಗಳು ಆ ಪಾತ್ರಗಳನ್ನಿಟ್ಟುಕೊಂಡು ತಮ್ಮದೇ ಕಥೆ, ಕವಿತೆ, ಪ್ರಬಂಧಗಳ ಸಂಚಿಕೆ ಹೊರತಂದಿದ್ದರು. ಹಾಗೆ ಬರೆದವರಲ್ಲಿ ಬಹುಪಾಲು ಹೆಂಗಸರು. ಹಣವಿಲ್ಲ, ಹೆಸರೂ ಬರುವುದಿಲ್ಲ, ಆದರೂ ರಾತ್ರಿ ಕೂತು ಬರೆದರು, ಒಬ್ಬರ ಕರಡನ್ನು ಇನ್ನೊಬ್ಬರು ತಿದ್ದಿದರು. ಅದೇ ಪರಂಪರೆಯಲ್ಲಿ ಅಭಿಮಾನಿಗಳೇ ಕಟ್ಟಿ 2009ರಲ್ಲಿ ತೆರೆದ ಕಥಾಭಂಡಾರ ‘ಆರ್ಕೈವ್ ಆಫ್ ಅವರ್ ಓನ್’ 2019ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ಅಲ್ಲಿರುವುದೆಲ್ಲ ಉತ್ತಮ ಸಾಹಿತ್ಯ ಎಂದು ನಾನು ವಾದಿಸುವುದಿಲ್ಲ. ಸಾಧಾರಣವಾದದ್ದು, ಕಳಪೆಯಾದದ್ದು ಬೇಕಾದಷ್ಟಿದೆ. ಮೆಚ್ಚಿದ ಕಥೆಯೊಂದು ಮುಗಿದಾಗ ಸುಮ್ಮನಿರಲಾಗದೆ ಲೇಖನಿ ಹಿಡಿಯುವುದು ಸಾಹಿತ್ಯದ ಹುಟ್ಟಿಗೆ ಬಹಳ ಹತ್ತಿರದ ಸಂಗತಿ ಎಂದಷ್ಟೇ ಹೇಳುತ್ತೇನೆ. ಮಹಾಕಾವ್ಯಗಳನ್ನು ತಲೆಮಾರಿನಿಂದ ತಲೆಮಾರಿಗೆ ಮರಳಿ ಹೇಳಿದವರು, ಉಪೇಕ್ಷಿತ ಪಾತ್ರವೊಂದಕ್ಕೆ ತಮ್ಮ ಕಾವ್ಯದಲ್ಲಿ ನ್ಯಾಯ ಕೊಟ್ಟ ಕವಿಗಳು ಇದೇ ತಹತಹದಿಂದ ಹೊರಟವರಲ್ಲವೇ?

ನಿಮ್ಮ ಪತ್ರದ ಒಂದು ಮಾತನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅಭಿಮಾನಕ್ಕೆ ಕೆಟ್ಟ ಮುಖವೂ ಇದೆ. ತಮ್ಮ ಪ್ರಿಯ ಲೇಖಕರ ಬಗ್ಗೆ ಯಾರಾದರೂ ಒಂದು ಟೀಕೆ ಮಾಡಿದರೆ ಗುಂಪುಗೂಡಿ ಮೇಲೆ ಬೀಳುವವರಿದ್ದಾರೆ. ಹೊಸದಾಗಿ ಓದತೊಡಗಿದವರನ್ನು ‘ನಿನಗೆ ಮೊದಲ ಸಂಪುಟವೇ ಗೊತ್ತಿಲ್ಲ’ ಎಂದು ಹೊಸ್ತಿಲಲ್ಲೇ ತಡೆಯುವವರಿದ್ದಾರೆ. ತಮ್ಮ ಕಲ್ಪನೆಯಂತೆ ಕಥೆ ಮುಗಿಯಲಿಲ್ಲವೆಂದು ಬರೆದವರನ್ನೇ ಪೀಡಿಸುವವರೂ ಇದ್ದಾರೆ. ಅಂಥ ಪತ್ರಗಳೂ ನಮಗೆ ಬರುತ್ತವೆ, ಅವು ಅಚ್ಚಾಗುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಪುಸ್ತಕಕ್ಕೆ ಕಾವಲು ನಿಲ್ಲುವವರು ಅದನ್ನು ಓದುವುದನ್ನು ಎಂದೋ ನಿಲ್ಲಿಸಿರುತ್ತಾರೆ ಎಂಬುದು ನನ್ನ ಅನುಭವ.

ವರ್ಷದಲ್ಲಿ ಎಷ್ಟು ಪುಸ್ತಕ ಓದಿದೆ ಎಂದು ಓದುಗರು ಬರೆದು ಕಳುಹಿಸುವ ಲೆಕ್ಕವನ್ನೂ ನಾವು ತೆಗೆದುಹಾಕುತ್ತೇವೆ. ಒಂದೇ ಕಾದಂಬರಿಯ ಜೊತೆ ಇಡೀ ಮಳೆಗಾಲ ಕಳೆದವರು ಸಂಖ್ಯೆ ಕಂಡು ಸಣ್ಣವರಾಗಬಾರದು. ಇಂಥ ಪಟ್ಟಿಗಳಿಂದ ಎಲ್ಲರೂ ಒಂದೇ ಪುಸ್ತಕದ ಹಿಂದೆ ಓಡುತ್ತಾರೆ ಎಂಬ ನಿಮ್ಮ ಆತಂಕವೂ ಸುಳ್ಳಲ್ಲ. ಆದರೆ ಹತ್ತು ಹೆಸರುಗಳನ್ನು ಅನುಕ್ರಮ ಸಂಖ್ಯೆ ಕೊಟ್ಟು ಜೋಡಿಸಿದಾಗಲೇ ಆ ಓಟ ಹೆಚ್ಚು. ಲೋಕೋ ಭಿನ್ನರುಚಿಃ ಎನ್ನುತ್ತೇವೆ. ಯಾಕೆ ಇಷ್ಟವಾಯಿತು ಎಂದು ಒಬ್ಬರು ಬಿಡಿಸಿ ಹೇಳಿದರೆ, ಇದು ನನಗಲ್ಲ ಎಂದು ತಿಳಿಯಲೂ ಅದೇ ವಿವರಣೆ ನೆರವಾಗುತ್ತದೆ. ಶೋಕದ ಕಥೆ ಬೇಡವೆನ್ನುವವರಿಗೆ, ನಿಧಾನದ ನಿರೂಪಣೆಯೇ ಬೇಕೆನ್ನುವವರಿಗೆ ಆ ಪುಟಗಳಲ್ಲಿ ದಾರಿ ಸಿಕ್ಕಿದೆ ಎಂದು ನಮಗೆ ಬಂದ ಪತ್ರಗಳೇ ಹೇಳುತ್ತಿವೆ.

ಆದ್ದರಿಂದ ಮುಂದಿನ ವರ್ಷವೂ ಆ ಪುಟಗಳು ಇರುತ್ತವೆ, ಅಭಿಮಾನಿಗಳೂ ಇರುತ್ತಾರೆ. ನಿಮ್ಮ ಪತ್ರ ಓದಿದ ಮೇಲೆ ಎರಡು ಬದಲಾವಣೆ ಮಾಡಿದ್ದೇವೆ. ಒಬ್ಬರು ಒಂದೇ ಪುಸ್ತಕದ ಬಗ್ಗೆ ಬರೆಯಬೇಕು. ತಮ್ಮನ್ನು ನಿಲ್ಲಿಸಿದ ಒಂದು ಸನ್ನಿವೇಶವನ್ನೋ ಒಂದು ಪಾತ್ರವನ್ನೋ ಹಿಡಿದು, ಕಥೆಯ ಅಂತ್ಯವನ್ನು ಬಿಟ್ಟುಕೊಡದೆ, ಮೆಚ್ಚುಗೆಯ ಕಾರಣ ಹೇಳಬೇಕು. ಮತ್ತು ಓದುಗರು ಹೆಸರಿಸಿದ ಪುಸ್ತಕಗಳಲ್ಲಿ ಎರಡನ್ನೋ ಮೂರನ್ನೋ ಆರಿಸಿ, ಅದೇ ಸಂಚಿಕೆಯಲ್ಲಿ ವಿಮರ್ಶಕರಿಂದಲೂ ಬರೆಸುತ್ತೇವೆ. ಅವರು ಭಿನ್ನವಾಗಿ ಹೇಳಿದರೆ ಹಾಗೆಯೇ ಅಚ್ಚು ಹಾಕುತ್ತೇವೆ.

ನಿಮ್ಮ ಒಪ್ಪಿಗೆ ಇದ್ದರೆ ನಿಮ್ಮ ಪತ್ರವನ್ನು ಒಂದು ಸಾಲೂ ಬಿಡದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುವ ಆಸೆ ಇದೆ. ಚಂದ್ರನ ಲೆಕ್ಕ ಹಾಕಿದ ಓದುಗರಿಗೆ ಅದನ್ನು ಮೊದಲೇ ಕಳುಹಿಸಿ ಉತ್ತರ ಬರೆಯಲು ಕೇಳುತ್ತೇನೆ. ಅವರ ಉತ್ತರಕ್ಕೆ ಮರುನುಡಿ ಬರೆಯುವ ಹಕ್ಕು ನಿಮ್ಮದೇ. ಅದಕ್ಕೂ ಜಾಗ ಕಾಯ್ದಿರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ