ಹಿಮದ ಮೇಲಿನ ಹೆಜ್ಜೆ ಯಾರದು?

ಪ್ರಶ್ನೆ: ಸೇನೆಯಲ್ಲಿರುವ ನನ್ನ ಮಗ ಈಗ ಲಡಾಖಿನಲ್ಲಿದ್ದಾನೆ. ಜನವರಿಯ ಒಂದು ಬೆಳಿಗ್ಗೆ ಬೆಟ್ಟದ ಇಳಿಜಾರಿನಲ್ಲಿ ಒಂದೇ ಸಾಲಾಗಿ ಸಾಗಿದ್ದ ದೊಡ್ಡ ಹೆಜ್ಜೆಗಳನ್ನು ಕಂಡು, ಪಕ್ಕದಲ್ಲಿ ಕೈಗವಸು ಇಟ್ಟು ತೆಗೆದ ಮೂರು ಚಿತ್ರಗಳನ್ನು ಕಳುಹಿಸಿದ್ದಾನೆ. ಕೆಲವು ಹೆಜ್ಜೆಗಳು ಒಂದು ಗೇಣಿನಷ್ಟಿವೆ. ಜೊತೆಗಾರರಲ್ಲಿ ಕೆಲವರು ಕರಡಿ ಎಂದರೆ, ಕೆಲವರು ಯೇತಿ, ಅಂದರೆ ಕಥೆಗಳಲ್ಲಿ ಬರುವ ಹಿಮಮಾನವ ಎನ್ನುತ್ತಾರಂತೆ. ನಮ್ಮ ಕಾಫಿ ತೋಟದಲ್ಲಿ ಹುಲಿಯ ಹೆಜ್ಜೆ ನೋಡಿದ್ದೇವೆ. ಇವು ಅದಕ್ಕಿಂತಲೂ ದೊಡ್ಡವು. ಯಾವ ಪ್ರಾಣಿಯದಿರಬಹುದು?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಮಾನ್ಯರೇ, ಗಾತ್ರವನ್ನು ಸದ್ಯಕ್ಕೆ ಬದಿಗಿಡೋಣ. ಮಳೆಗಾಲದಲ್ಲಿ ತೋಟದ ದಾರಿಯ ಕೆಸರಿನಲ್ಲಿ ಸಂಜೆ ಮೂಡಿದ ನಾಯಿಯ ಹೆಜ್ಜೆ, ರಾತ್ರಿಯ ಮಳೆಗೆ ಅಂಚು ಕುಸಿದು, ಬೆಳಗಾಗುವಷ್ಟರಲ್ಲಿ ಚಿರತೆಯದರಂತೆ ಕಾಣುವುದನ್ನು ತಾವು ಬಲ್ಲಿರಿ. ಹಿಮದಲ್ಲಿ ಈ ಕೆಲಸವನ್ನು ಬಿಸಿಲು ಮತ್ತು ಗಾಳಿ ಇನ್ನೂ ಬೇಗ ಮಾಡುತ್ತವೆ: ಅಂಚು ಕರಗಿ ಗುಳಿ ಅಗಲವಾಗುತ್ತದೆ, ಬೆರಳುಗಳ ನಡುವಿನ ಗೆರೆ ಅಳಿಯುತ್ತದೆ, ಕುಪ್ಪಳಿಸಿ ಹೋಗುವ ಮೊಲದ ನಾಲ್ಕು ಪಾದಗಳ ಗುರುತು ಕೂಡಿಕೊಂಡು ಮನುಷ್ಯನ ಪಾದದಷ್ಟು ದೊಡ್ಡ ಒಂದೇ ಹೆಜ್ಜೆಯಾಗಿ ತೋರುವುದೂ ಉಂಟು. 1951ರಲ್ಲಿ ಪರ್ವತಾರೋಹಿ ಎರಿಕ್ ಶಿಪ್ಟನ್ ಎವರೆಸ್ಟ್ ಪ್ರದೇಶದ ಹಿಮನದಿಯೊಂದರ ಮೇಲೆ ತೆಗೆದ ಹೆಜ್ಜೆಯ ಚಿತ್ರವೇ ಯೇತಿಯ ಕಥೆಯನ್ನು ಜಗತ್ತಿಗೆಲ್ಲ ಹಬ್ಬಿಸಿತು. ಆದರೆ ಯೇತಿಯದೆಂದು ಕಾಪಾಡಿಕೊಂಡು ಬಂದಿದ್ದ ಮೂಳೆ, ಚರ್ಮ, ಕೂದಲು ಮುಂತಾದ ಒಂಬತ್ತು ಮಾದರಿಗಳ ಡಿಎನ್‌ಎಯನ್ನು 2017ರಲ್ಲಿ ಪರೀಕ್ಷಿಸಿದಾಗ ಎಂಟು ಕರಡಿಯವೆಂದೂ ಒಂದು ನಾಯಿಯದೆಂದೂ ತಿಳಿದುಬಂತು.

ತಮ್ಮ ಮಗ ಕಂಡದ್ದು ಕರಡಿಯೂ ಅಲ್ಲ. ಹಿಮಾಲಯದ ಕಂದು ಕರಡಿ ಜನವರಿಯಲ್ಲಿ ಗುಹೆಯೊಳಗೆ ಚಳಿಗಾಲದ ನಿದ್ರೆಯಲ್ಲಿರುತ್ತದೆ. ಅದರ ಪಾದದಲ್ಲಿ ಐದು ಬೆರಳುಗಳು, ಅವುಗಳ ಮುಂದೆ ಉದ್ದನೆಯ ಉಗುರಿನ ಗುರುತು ಮೂಡುತ್ತವೆ.

ಮೂರು ಚಿತ್ರಗಳಲ್ಲಿ ನಂಬಬೇಕಾದದ್ದು ಬಂಡೆಯ ನೆರಳಿನಲ್ಲಿ ತೆಗೆದ ಎರಡನೆಯದು. ಅಲ್ಲಿ ಹಿಮ ತೆಳುವಾಗಿದೆ, ಬಿಸಿಲು ತಾಗಿಲ್ಲ, ಹೆಜ್ಜೆಯ ಅಗಲ ಕೈಗವಸಿನ ಅರ್ಧಕ್ಕಿಂತಲೂ ಕಡಿಮೆಯಿದೆ. ಆಕಾರ ದುಂಡಗಿದೆ, ನಾಲ್ಕು ಬೆರಳುಗಳು ತುಸು ಓರೆಯಾಗಿ ಕುಳಿತಿವೆ, ಹಿಮ್ಮಡಿಯ ಮೆತ್ತೆಯ ಹಿಂದಿನ ಅಂಚು ಮೂರು ಉಬ್ಬುಗಳಾಗಿ ಒಡೆದಿದೆ, ಉಗುರಿನ ಗುರುತಿಲ್ಲ. ಇದು ಬೆಕ್ಕಿನ ಜಾತಿಯ ಪಾದ. ತೋಳ ಮತ್ತು ಕೆಂಪು ನರಿಯದಾಗಿದ್ದರೆ ಹೆಜ್ಜೆ ಉದ್ದವಾಗಿ, ನಡುವಿನ ಎರಡು ಬೆರಳುಗಳು ಮುಂದೆ ಚಾಚಿ, ಉಗುರು ಕಾಣಬೇಕಿತ್ತು. (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ, ಆ ಮಾತನ್ನಾಡುವ ಮನೆಯವರು ದಯವಿಟ್ಟು ಇಲ್ಲಿ ಕನ್ನಡದ ನರಿಯನ್ನೇ ಗ್ರಹಿಸಬೇಕು.) ಹೆಜ್ಜೆಗಳು ಒಂದೇ ಸಾಲಿನಲ್ಲಿರುವುದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ, ಏಕೆಂದರೆ ಮುಂಗಾಲಿಟ್ಟ ಕಡೆಯಲ್ಲೇ ಹಿಂಗಾಲಿಡುವ ನಡಿಗೆ ತೋಳ, ನರಿ, ಬೆಕ್ಕು ಎಲ್ಲಕ್ಕೂ ಇದೆ.

ಲಡಾಖಿನಲ್ಲಿ ಈ ಅಳತೆಯ ಪಾದ ಹಿಮಚಿರತೆಗೂ ಲಿಂಕ್ಸ್ ಎಂಬ ಕಾಡುಬೆಕ್ಕಿಗೂ ಇದ್ದು, ಎರಡರ ಅಂಗಾಲಿನಲ್ಲೂ ದಟ್ಟವಾದ ಕೂದಲಿರುತ್ತದೆ. ಇಲ್ಲಿ ಉತ್ತರ ಕೊಡುವುದು ಮೂರನೆಯ ಚಿತ್ರ. ಆಳವಾದ ಹಿಮದಲ್ಲಿ ಹೆಜ್ಜೆಗಳ ನಡುವೆ ಎರಡು ಕಡೆ ಹಗ್ಗ ಎಳೆದಂತಹ ಗೆರೆಯಿದೆ. ಲಿಂಕ್ಸ್‌ನ ಬಾಲ ಮೋಟು, ಅದು ನೆಲಕ್ಕೆ ತಾಗದು. ಇಷ್ಟುದ್ದದ ಗೆರೆ ಎಳೆಯಬಲ್ಲದ್ದು ಹಿಮಚಿರತೆಯ ಬಾಲ. ಜಾಡು ಬಂಡೆಗಳ ಬುಡಕ್ಕೆ ತಿರುಗಿರುವುದೂ ಅದರ ಸ್ವಭಾವಕ್ಕೆ ಒಪ್ಪುತ್ತದೆ. 2024ರಲ್ಲಿ ಪ್ರಕಟವಾದ ದೇಶದ ಮೊದಲ ಹಿಮಚಿರತೆ ಅಂದಾಜಿನಂತೆ ಭಾರತದಲ್ಲಿರುವ 718ರಲ್ಲಿ 477 ಲಡಾಖಿನಲ್ಲೇ ಇವೆ; ಆದರೂ ಪ್ರಾಣಿ ಕಣ್ಣಿಗೆ ಬೀಳುವುದು ಅಪರೂಪ. ಮುಂದೆ ಹೆಜ್ಜೆ ಕಂಡರೆ ನೇರ ಮೇಲಿನಿಂದ ಚಿತ್ರ ತೆಗೆಯಲು ಮಗನಿಗೆ ತಿಳಿಸಿರಿ. ಪ್ರಾಣಿ ಹೋದ ದಿಕ್ಕನ್ನು ಹಿಂಬಾಲಿಸದೆ, ಅದು ಬಂದ ದಿಕ್ಕಿನಲ್ಲಿ ಜಾಡು ನೋಡುವುದು ಅವನಿಗೂ ಪ್ರಾಣಿಗೂ ಕ್ಷೇಮ.

ಪ್ರಶ್ನೆ: ಹೋದ ತಿಂಗಳು ತೋಟಕ್ಕೆ ಬಂದ ಹುಲಿಯೇ ಈಗಲೂ ಬಂದಿದೆಯೆಂದು ಹೆಜ್ಜೆಯ ಅಳತೆಯಿಂದ ಹೇಳಬಹುದೇ?
– ಓದುಗರೊಬ್ಬರು, ಕುಟ್ಟ

ಉತ್ತರ: ಹೇಳಲಾಗದು. ಒಂದೇ ಹುಲಿಯ ಪಾದ ಗಟ್ಟಿ ನೆಲದಲ್ಲಿ ಒಂದು ಅಳತೆ, ಕೆಸರಿನಲ್ಲಿ ಇನ್ನೊಂದು ಅಳತೆ ಕೊಡುತ್ತದೆ. ಹೆಜ್ಜೆಗಳಿಂದ ಹುಲಿ ಎಣಿಸುವ ಪದ್ಧತಿ ದೇಶದಲ್ಲಿ ದಶಕಗಳ ಕಾಲ ನಡೆದು ಕೊನೆಗೆ ಕೈಬಿಟ್ಟದ್ದು ಇದಕ್ಕೇ. ಪ್ರತಿ ಹುಲಿಯ ಪಟ್ಟೆಯೂ ಬೇರೆಯಾಗಿರುವುದರಿಂದ ಕ್ಯಾಮೆರಾ ಇಟ್ಟು ಗುರುತಿಸುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಕುಟ್ಟದ ಪಕ್ಕದ ನಾಗರಹೊಳೆಯಲ್ಲೇ ರೂಢಿಗೆ ತಂದರು. ತಾವು ಮಾಡಬಹುದಾದದ್ದು ಇಷ್ಟು: ಹೆಜ್ಜೆಯ ಪಕ್ಕ ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಮಳೆಗೆ ಅಳಿಯದಂತೆ ಬುಟ್ಟಿ ಕವುಚಿ, ಅರಣ್ಯ ಸಿಬ್ಬಂದಿಗೆ ತಿಳಿಸಿರಿ, ಅವರು ಬಂದು ನೋಡುವವರೆಗೆ ಕೆಲಸದವರನ್ನು ಆ ಭಾಗಕ್ಕೆ ಕಳುಹಿಸಬೇಡಿರಿ.